ತೋಟೆ ಇಲ್ಲ ಬಿಡಿ

ಕಳೆದ ವರ್ಷ ಕೈಲ್ ಮುಹೂರ್ತದ ದಿನ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬದ ದಿನ, ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷದ ಹಾಗೆ ಸೆಪ್ಟೆಂಬರ್ 3ಕ್ಕೆ ನಾದಿನಿ ಮನೆಯವರು ಮೈಸೂರಿನಿಂದ ಬಂದಿದ್ದರು. ಬೆಳಿಗ್ಗೆಯಿಂದ ಸಣ್ಣ ಮಳೆ ಹಿಡಿದಿತ್ತು. ಒಲೆ ಮೇಲೆ ಹಂದಿ ಸಾರು ಕುದಿಯುತ್ತಿತ್ತು, ಕಡುಬು ಬೆಂದು ಇಳಿಸಿ ಆಗಿತ್ತು. ನಡುಮನೆಯಲ್ಲಿ ದೀಪದ ಪಕ್ಕ ಕತ್ತಿ, ಗುದ್ದಲಿ, ನೊಗ ಎಲ್ಲ ಸಾಲಾಗಿ ಇಟ್ಟಿದ್ದೆವು, ಗೋಡೆಗೆ ಒರಗಿಸಿ ನಮ್ಮ ಜೋಡುನಳಿಗೆ ಕೋವಿ. ನಳಿಗೆ ತುದಿಯಲ್ಲಿ ಕೋವಿ ಹೂ. ಪೂಜೆ ಮುಗಿದು ದೊಡ್ಡವರೆಲ್ಲ ಊಟದ ಕಡೆ ತಿರುಗಿದ್ದೇ ತಡ, ನಾದಿನಿಯ ಮಗ, ಒಂಬತ್ತು ವರ್ಷದವನು, ಕೋವಿ ಎತ್ತಿಕೊಂಡ. ಅವನ ಕೈಗೆ ಅದು ಭಾರ. ಮರದ ಹಿಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಹೇಗೋ ನಳಿಗೆ ಮೇಲೆ ಮಾಡಿದ. ಅವನ ಅಕ್ಕ ಮೊಬೈಲ್ ಹಿಡಿದು "ಸ್ಟೈಲಾಗಿ ನಿಲ್ಲೋ" ಅಂದಳು. ಅವನು ನಿಂತ. ನಳಿಗೆ ನೇರ ನನ್ನ ಮಗಳ ಎದೆಗೆ ತಿರುಗಿತ್ತು. ಬೆರಳು ಟ್ರಿಗರ್ ಮೇಲಿತ್ತು.

ನಾನು ಕೂಗಿದೆ. ಏನು ಕೂಗಿದೆ ಅಂತ ನೆನಪಿಲ್ಲ. ಕೈಯಲ್ಲಿದ್ದ ಸೌಟು ಬಿದ್ದದ್ದು ನೆನಪಿದೆ. ಯಾರೋ ಬಂದು ಹುಡುಗನ ಕೈಯಿಂದ ಕೋವಿ ತೆಗೆದುಕೊಂಡು ಮತ್ತೆ ಗೋಡೆಗೆ ಒರಗಿಸಿದರು. "ತೋಟೆ ಇಲ್ಲ ಬಿಡಿ" ಅಂದರು, ಒಳಗೆ ಗುಂಡಿಲ್ಲ ಅಂತ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಎಲೆ ಹಾಕಿದೆವು, ಊಟ ಆಯಿತು, ಸಂಜೆ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆಗೆ ಅಂತ ಗಂಡಸರೆಲ್ಲ ಮೈದಾನಕ್ಕೆ ಹೋದರು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಇವರನ್ನು ಕೇಳಿದೆ. ತೋಟೆ ಇಲ್ಲ ಅಂತ ಬೆಳಿಗ್ಗೆ ನೋಡಿದ್ದು ಯಾರು? "ಅಪ್ಪ ನೋಡಿರ್ತಾರೆ" ಅಂದರು. ಮರುದಿನ ಮಾವನನ್ನು ಕೇಳಿದೆ. ಅವರು ಎರಡು ದಿನ ಮೊದಲೇ ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆದು ಇಟ್ಟಿದ್ದರಂತೆ, ಪೂಜೆಗೆ ಇಟ್ಟದ್ದು ಮೈದುನ, "ಅವನು ನೋಡಿರ್ತಾನೆ". ಮೈದುನ ಹೊರಗಿನಿಂದ ಒರೆಸಿ ಹೂ ಸಿಕ್ಕಿಸಿದ್ದ, ಅಷ್ಟೇ. ಅಪ್ಪ ಕ್ಲೀನ್ ಮಾಡಿದ್ದಾರಲ್ಲ ಅಂದುಕೊಂಡಿದ್ದ. ಆ ಎರಡು ದಿನದ ನಡುವೆ ಒಂದು ರಾತ್ರಿ ಗದ್ದೆಗೆ ಹಂದಿ ಇಳಿದಿದೆ ಅಂತ ಇವರು ಕೋವಿ ಹೊರಗೆ ತೆಗೆದಿದ್ದರು. ಒಂದು ಈಡು ಹೊಡೆದು ಬಂದು ಇಟ್ಟಿದ್ದರು. ಇನ್ನೊಂದು ನಳಿಗೆಯ ತೋಟೆ ತೆಗೆದಿದ್ದೆ ಅಂತ ಇವರಿಗೆ ಗ್ಯಾರಂಟಿ ಇತ್ತು. ತೆಗೆದೂ ಇದ್ದರು. ಆದರೆ ಆ ಹುಡುಗ ಕೋವಿ ಎತ್ತಿದ ಹೊತ್ತಿಗೆ ಅದು ಖಾಲಿ ಅಂತ ಕಣ್ಣಲ್ಲಿ ನೋಡಿದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿದ್ದಾರೆ ಅಂದುಕೊಂಡಿದ್ದರು.

ಅವತ್ತಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ತೋಟೆ ಇಲ್ಲ ಬಿಡಿ. ಚಿಕ್ಕಂದಿನಿಂದ ಎಷ್ಟು ಮನೆಗಳಲ್ಲಿ, ಎಷ್ಟು ಮದುವೆಗಳಲ್ಲಿ ಕೇಳಿದ್ದೇನೆ ಇದನ್ನು. ನಾನೂ ಹೇಳಿದ್ದೇನೆ.

ಕೈ ಮುಗಿಯುವುದು ಗೊತ್ತು

ನಮ್ಮ ಮಕ್ಕಳಿಗೆ ಕೋವಿಗೆ ಕೈ ಮುಗಿಯುವುದು ಗೊತ್ತು. ದಾಟಬಾರದು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು. ಬೆಟ್ಟದ ಆಚೆಯಿಂದ ಎರಡು ಸದ್ದು ಜೊತೆಯಾಗಿ ಕೇಳಿದರೆ ನಮ್ಮ ಅತ್ತೆ ಈಗಲೂ ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಯಾರ ಮನೆ ಕಡೆಯಿಂದ ಅಂತ ಕಿವಿಗೊಟ್ಟು. ಇದೆಲ್ಲ ನನಗೂ ಬೇಕು. ನನ್ನ ಮಕ್ಕಳಿಗೂ ಇದು ಗೊತ್ತಿರಬೇಕು ಅನ್ನೋದು ನನ್ನ ಆಸೆ.

ಕೋವಿಯ ಹಕ್ಕಿನ ಬಗ್ಗೆ ಕೇಳಿದರೆ ನಮ್ಮ ಗಂಡಸರು ತಾರೀಕು ಸಮೇತ ಹೇಳುತ್ತಾರೆ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿಯಿಂದ ಶುರು ಮಾಡಿ, 1959ರ ಆಯುಧ ಕಾಯ್ದೆ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿಯವರಿಗೂ (ವಂಶಪಾರಂಪರ್ಯವಾಗಿ ಬಂದ ಜಮೀನಿನವರು) ಲೈಸೆನ್ಸ್ ಬೇಡ ಅಂತ ಉಳಿದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದ್ದು, ಅದರ ವಿರುದ್ಧ ಕೋರ್ಟಿಗೆ ಹೋದಾಗ 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ವಿನಾಯಿತಿ ಸರಿ ಅಂತ ಎತ್ತಿ ಹಿಡಿದದ್ದು. ನಮ್ಮದು ಅರೆಭಾಷೆ ಗೌಡರ ಮನೆ, ಜಮ್ಮಾ ಜಾಗ, ನಮಗೂ ಅದು ಸಿಗುತ್ತದೆ. ತೀರ್ಪು ಬಂದ ದಿನ ಇವರು ಮನೆಗೆ ಬಂದವರಿಗೆಲ್ಲ ಕಾಫಿ ಮಾಡಿಸಿದ್ದರು. ನನಗೂ ಖುಷಿಯಾಗಿತ್ತು. ಆದರೆ ಇಷ್ಟೆಲ್ಲ ಮಾತಿನ ನಡುವೆ ನಿಮ್ಮ ಮನೆ ಕೋವಿ ಎಲ್ಲಿಡ್ತೀರಿ, ತೋಟೆ ಎಲ್ಲಿಡ್ತೀರಿ, ಮಕ್ಕಳಿಗೆ ಕೈಗೆಟುಕುತ್ತದಾ ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿದ್ದು ನಾನು ಕೇಳಿಲ್ಲ. ಕೇಳಿದರೆ ಬೇಜಾರು ಮಾಡಿಕೊಳ್ತಾರೆ ಅನ್ನೋ ಹಾಗೆ. ನಾಯಿ ಕಟ್ಟಿದ್ದೀರಾ ಅಂತ ಗೇಟಿನಲ್ಲೇ ನಿಂತು ಕೇಳುತ್ತೇವೆ, ಅಲ್ವಾ? ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ. 21 ತುಂಬದವರು ಕೋವಿ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿಸಿದ್ದಾರೆ. ಸಂಭ್ರಮಕ್ಕೆ ಅಂತ ಬೇಕಾಬಿಟ್ಟಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮದುವೆ ಮನೆ ಗಲಾಟೆಯಲ್ಲಿ ಇದನ್ನು ನೆನಪಿಡುವವರು ಕಡಿಮೆ.

ಕೋವಿ ಹೂವಿನ ವಿಷಯ ಬಂತಲ್ಲ, ಒಂದು ಹೇಳಬೇಕು. ಕೆಂಪು ಹಳದಿ ಎಸಳು, ಬೆಂಕಿ ಉರಿದ ಹಾಗೆ, ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬುತ್ತದೆ. ಕೊಡವರು ತೋಕ್ ಪೂ ಅನ್ನುತ್ತಾರೆ. ಆ ಬಳ್ಳಿ ಪೂರ್ತಿ ವಿಷ. ಗೆಡ್ಡೆಯಂತೂ ಜೀವಕ್ಕೇ ಅಪಾಯ. ನಮ್ಮ ಅವ್ವ ನಮಗೆ ಹೂ ಕೊಯ್ಯಲು ಕಳಿಸುವಾಗ ಪ್ರತಿ ಸಲವೂ ಹೇಳುತ್ತಿದ್ದರು, ಬಾಯಿಗೆ ಹಾಕಬೇಡಿ, ಗೆಡ್ಡೆ ಅಗೆಯಬೇಡಿ, ಬಂದು ಕೈ ತೊಳೆಯಿರಿ. ಹೂವಿಗೆ ಇಷ್ಟು ಪಾಠ ಇತ್ತು.

ಅಜ್ಜನ ಗಜ

ನನ್ನ ತವರುಮನೆ ಚೇರಂಬಾಣೆ ಕಡೆ. ಅಲ್ಲಿ ಅಜ್ಜನ ಹತ್ತಿರ ಎರಡು ಕೋವಿ ಇತ್ತು. ಒಂದು ತೋಟೆ ಕೋವಿ, ಇನ್ನೊಂದು ಹಳೇ ಕೇಪಿನ ಕೋವಿ. ಕೇಪಿನ ಕೋವಿ ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಸಿಡಿಮದ್ದು, ನಾರು, ಚರೆ ಅಂದರೆ ಸಣ್ಣ ಸೀಸದ ಗುಂಡು, ಮತ್ತೆ ನಾರು, ಎಲ್ಲ ನಳಿಗೆಯ ಬಾಯಿಂದಲೇ ಹಾಕಿ ಗಜ ಅನ್ನೋ ಉದ್ದ ಕೋಲಿನಿಂದ ಜಡಿಯಬೇಕು. ಹಿಂದೆ ಕುದುರೆ ಅನ್ನೋ ಬಡಿಯುವ ಕೀಲಿನ ಕೆಳಗೆ, ಕಿಡಿ ಹಾರಿಸುವ ಸಣ್ಣ ಕೇಪು ಇಡಬೇಕು. ತೋಟೆ ಕೋವಿಯ ಹಾಗೆ ಅದನ್ನು ಮುರಿದು, ಅಂದರೆ ನಡುವಿನ ಕೀಲಿನಲ್ಲಿ ಬಗ್ಗಿಸಿ ತೆರೆದು, ನೋಡಲಿಕ್ಕೆ ಆಗುವುದಿಲ್ಲ. ಒಳಗೆ ಮದ್ದು ಇದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ತುಂಬಿದ ಕೋವಿ, ಖಾಲಿ ಕೋವಿ ಎರಡೂ ಗೋಡೆ ಮೇಲೆ ಒಂದೇ ಥರ ಕಾಣುತ್ತವೆ.

ನನಗೆ ಹನ್ನೊಂದೋ ಹನ್ನೆರಡೋ. ಕೈಲ್ ಮುಹೂರ್ತಕ್ಕೆ ಒಂದು ವಾರ ಇತ್ತು. ಮಳೆ ಸ್ವಲ್ಪ ಬಿಟ್ಟಿತ್ತು ಅಂತ ಅಜ್ಜ ಎರಡೂ ಕೋವಿ ಕೆಳಗಿಳಿಸಿ ಜಗಲಿಯಲ್ಲಿ ಗೋಣಿ ಹಾಸಿಕೊಂಡು ಕೂತರು. ಅಣ್ಣ ಮತ್ತು ನಾನು ಎದುರಿಗೆ. ಅವ್ವ ಒಂದು ಪಾತ್ರೆ ಬಿಸಿನೀರು ತಂದಿಟ್ಟರು, ಕೇಪಿನ ಕೋವಿಯ ನಳಿಗೆ ತೊಳೆಯಲು. ಕರಿಮದ್ದಿನ ಕಿಟ್ಟ ಹಾಗೇ ಬಿಟ್ಟರೆ ನೀರು ಹೀರಿ ಕಬ್ಬಿಣ ತಿನ್ನುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಅಣ್ಣ ಕೋವಿ ತೊಡೆ ಮೇಲೆ ಇಟ್ಟುಕೊಂಡು, ನಳಿಗೆಗೆ ಕಣ್ಣು ಹಚ್ಚಲು ಬಗ್ಗಿದ್ದ. ಅಜ್ಜ ಅವನ ಹಣೆ ಮೇಲೆ ಅಂಗೈ ಇಟ್ಟು ಹಿಂದೆ ತಳ್ಳಿದರು. ಜೋರಾಗಿ ಅಲ್ಲ. ಆಮೇಲೆ ನಳಿಗೆ ಕೆಳಗಿನ ಬಳೆಯಿಂದ ಗಜ ಎಳೆದು ನಳಿಗೆಯೊಳಗೆ ಇಳಿಬಿಟ್ಟರು.

ಖಾಲಿ ಇದ್ದರೆ ಗಜ ತಳಕ್ಕೆ ಬಡಿದು ಟಣ್ ಅನ್ನಬೇಕು. ಅವತ್ತು ಸದ್ದು ಬರಲಿಲ್ಲ. ಮೆತ್ತಗೆ ಎಲ್ಲೋ ಕೂತ ಹಾಗೆ ಆಯಿತು. ಗಜದ ತುದಿ ನಳಿಗೆಯ ಬಾಯಿಂದ ನಾಲ್ಕು ಬೆರಳು ಮೇಲೆ ನಿಂತಿತ್ತು.

ಅಜ್ಜ ಮಾತಾಡಲಿಲ್ಲ. ಅಪ್ಪನನ್ನು ಕರೆದರು, ಚಿಕ್ಕಪ್ಪನನ್ನು ಕರೆದರು, ಅಡುಗೆ ಮನೆಯಿಂದ ಅವ್ವನನ್ನೂ ಅಜ್ಜಿಯನ್ನೂ ಕರೆದರು. ಕೋವಿ ಮಾತ್ರ ಅವರ ಕೈಯಲ್ಲೇ, ನಳಿಗೆ ಅಂಗಳದ ಆಚೆ ಬರೆಯ, ಅಂದರೆ ಮಣ್ಣಿನ ದಿಬ್ಬದ, ಕಡೆಗೆ. "ನೋಡಿ" ಅಂದರು. ಅಷ್ಟೇ. ಎಲ್ಲರೂ ಆ ನಾಲ್ಕು ಬೆರಳು ಗಜ ನೋಡಿದೆವು. ಹೋದ ತಿಂಗಳು ಚಿಕ್ಕಪ್ಪ ಹಂದಿ ಕಾಯಲು ಹೋದವರು ಮಳೆ ಜೋರಾಗಿ ವಾಪಸ್ ಬಂದಿದ್ದರು, ಕೇಪು ತೆಗೆದಿದ್ದರು, ಬೆಳಿಗ್ಗೆ ಮದ್ದು ತೆಗೆದರಾಯಿತು ಅಂದುಕೊಂಡು ಗೋಡೆಗೆ ಹಾಕಿದ್ದರು. ಬೆಳಿಗ್ಗೆ ಮರೆತಿತ್ತು. ನಮ್ಮ ಚಿಕ್ಕಪ್ಪ ಉಡಾಫೆಯ ಮನುಷ್ಯ ಅಲ್ಲವೇ ಅಲ್ಲ. ಎಲ್ಲದಕ್ಕೂ ಎರಡು ಸಲ ನೋಡುವವರು. ಅವತ್ತು ಅವರು ಮೆಟ್ಟಿಲ ಮೇಲೆ ಕೂತವರು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಆಮೇಲೆ ಆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಜ್ಜ ನಮ್ಮನ್ನೆಲ್ಲ ಕೊಟ್ಟಿಗೆಯ ಹಿಂದೆ ಕಳಿಸಿದರು. ತಾವು ಅಂಗಳದ ಅಂಚಿನಲ್ಲಿ ನಿಂತು, ಕೇಪು ಇಟ್ಟು, ಬರೆಗೆ ಗುರಿ ಹಿಡಿದು ಎಳೆದರು. ಟಪ್ ಅಂತ ಕೇಪಿನ ಸದ್ದು ಮಾತ್ರ. ಈಡು ಹಾರಲಿಲ್ಲ. ಅಪ್ಪ ಇಲ್ಲಿಂದ "ಮದ್ದು ಹಸಿಯಾಗಿದೆ, ಬನ್ನಿ ಅಪ್ಪ" ಅಂದರು. ಅಜ್ಜ ತಿರುಗಲಿಲ್ಲ. ನಳಿಗೆ ಬರೆಯ ಕಡೆಗೇ ಇತ್ತು, ಭುಜದಿಂದ ಇಳಿಸಲೂ ಇಲ್ಲ. ಎಷ್ಟೋ ಹೊತ್ತು ಹಾಗೇ ನಿಂತರು. ಹಸಿ ಮದ್ದು ಒಮ್ಮೊಮ್ಮೆ ಒಳಗೊಳಗೇ ಹೊಗೆಯಾಡಿ ತಡವಾಗಿ ಹಾರುತ್ತದೆ, ಆ ಹೊತ್ತಿನಲ್ಲಿ ಯಾರಾದರೂ ಕೋವಿ ತಿರುಗಿಸಿ ಏನಾಯ್ತು ಅಂತ ನೋಡಿದರೆ ಮುಗಿಯಿತು. ಇದು ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಕಂಡದ್ದು, ಎಪ್ಪತ್ತು ದಾಟಿದ ಮನುಷ್ಯ ಭಾರದ ಕೋವಿ ಹಿಡಿದು ಅಲ್ಲಾಡದೆ ನಿಂತದ್ದು, ಅವರ ಮೊಣಕೈ ಸಣ್ಣಗೆ ನಡುಗಿದ್ದು. ಆಮೇಲೆ ಇನ್ನೊಂದು ಕೇಪು. ಅದೂ ಹಿಡಿಯಲಿಲ್ಲ. ಮತ್ತೆ ಅಷ್ಟೇ ಹೊತ್ತು ನಿಂತರು. ಮೂರನೆಯದಕ್ಕೆ ಹಾರಿತು. ಬರೆಯ ಕೆಂಪು ಮಣ್ಣು ಎದ್ದು ಅಂಗಳದ ತನಕ ಬಂದು ಬಿತ್ತು. ಹಲಸಿನ ಮರದಿಂದ ಕಾಗೆಗಳೆಲ್ಲ ಹಾರಿದವು. ಅಣ್ಣ ಒಂದು ಮಾತಾಡಲಿಲ್ಲ. ಹಣೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಜ್ಜ ಬಂದು ನಳಿಗೆ ತೊಳೆದು ಒಣಗಿಸಿ, ಮತ್ತೆ ಗಜ ಇಳಿಬಿಟ್ಟರು. ಟಣ್ ಅಂತು. ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಚೂರಿಯಿಂದ ಸುತ್ತ ಒಂದು ಗೀಟು ಕೊರೆದರು. ಆಮೇಲೆ ನನ್ನನ್ನು ಕರೆದು, "ಇನ್ನು ಮುಂದೆ ಈ ಕೋವಿ ಮನೆಯೊಳಗೆ ಬರುವಾಗ ಗೀಟು ನೋಡುವುದು ನಿನ್ನ ಕೆಲಸ. ನಾನೇ ತಂದರೂ ನೋಡು" ಅಂದರು. ಅಣ್ಣನನ್ನು ಬಿಟ್ಟು ನನಗೆ ಯಾಕೆ ಕೊಟ್ಟರು ಅಂತ ಕೇಳಲಿಲ್ಲ. ಈಗ ಕೇಳಲು ಅವರಿಲ್ಲ. ಶಾಲೆ ಮುಗಿಸಿ ಹಾಸ್ಟೆಲಿಗೆ ಹೋಗುವ ತನಕ ನಾನು ಆ ಕೆಲಸ ಮಾಡಿದೆ. ಅಪ್ಪ, ಚಿಕ್ಕಪ್ಪ, ಯಾರೇ ತಂದರೂ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ನಾನು ಗಜ ಇಳಿಬಿಟ್ಟು, ಗೀಟು ನೋಡಿ, "ಸರಿ ಇದೆ" ಅಂದ ಮೇಲೆಯೇ ಒಳಗೆ. ಆ ಮನೆಯಲ್ಲಿ ನಾನು ಒಂದು ಈಡೂ ಹೊಡೆದಿಲ್ಲ, ಹುಡುಗಿಯರಿಗೆ ಆಗ ಕೊಡುತ್ತಿರಲಿಲ್ಲ. ಆದರೆ ನಾನು ಸರಿ ಇದೆ ಅನ್ನದೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಮಾತು ಬೇರೆ ಇರಲಿಲ್ಲ.

ಮುಟ್ಟಬೇಡ ಅಂದರೆ ಸಾಕಾ?

ಮಕ್ಕಳಿಗೆ ಜವಾಬ್ದಾರಿ ಕಲಿಸೋದು ಅಂದರೆ ನಾವು ಸಾಮಾನ್ಯವಾಗಿ ಮಾಡುವುದು ಒಂದೇ. ಮುಟ್ಟಬೇಡ ಅನ್ನೋದು. ನಾನೂ ಅದನ್ನೇ ಮಾಡಿದ್ದೆ. ಆ ಮೈಸೂರಿನ ಹುಡುಗನಿಗೂ ಅವನ ಅಮ್ಮ ಬಸ್ಸಲ್ಲೇ ಹೇಳಿ ಕರೆತಂದಿದ್ದಳಂತೆ.

ಅಮೆರಿಕದ ಅಟ್ಲಾಂಟದಲ್ಲಿ ಕೆಲವು ಡಾಕ್ಟರುಗಳು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ, ವರದಿ ಬಂದದ್ದು 2001ರಲ್ಲಿ. 8ರಿಂದ 12 ವರ್ಷದ 64 ಹುಡುಗರು. ಇಬ್ಬರು ಮೂವರ ಗುಂಪು ಮಾಡಿ ಒಂದು ರೂಮಿನಲ್ಲಿ ಬಿಟ್ಟರು. ಅಲ್ಲಿ ಡ್ರಾಯರಿನಲ್ಲಿ ನಿಜವಾದ ಪಿಸ್ತೂಲು, ಗುಂಡಿಲ್ಲದ್ದು. ಒಟ್ಟು 29 ಗುಂಪಿನಲ್ಲಿ 21 ಗುಂಪಿಗೆ ಅದು ಸಿಕ್ಕಿತು. 16 ಗುಂಪು ಕೈಗೆತ್ತಿಕೊಂಡವು. 10 ಗುಂಪಿನಲ್ಲಿ ಯಾರಾದರೊಬ್ಬ ಟ್ರಿಗರ್ ಎಳೆದ. ಮುಟ್ಟಿದವರಲ್ಲಿ ಹೆಚ್ಚಿನವರಿಗೆ ಯಾರೋ ಒಬ್ಬರು ಮೊದಲೇ ಬುದ್ಧಿ ಹೇಳಿದ್ದರು. ಇದನ್ನು ಓದಿದ ದಿನ ನಾನು ಎದ್ದು ಹೋಗಿ ನಮ್ಮ ಬೀರು ಎಳೆದು ನೋಡಿದೆ.

ಆ ಮಕ್ಕಳು ಕೆಟ್ಟವರಲ್ಲ. ನಮ್ಮ ಮಕ್ಕಳೂ ಅಲ್ಲ. ಕಬ್ಬಿಣ, ಮರ, ಎಣ್ಣೆ ವಾಸನೆ, ಒಂದು ಕೀಲು ಎಳೆದರೆ ಇನ್ನೊಂದು ಅಲ್ಲಾಡುತ್ತದೆ. ಯಾವ ಮಗುವಿಗೆ ಮುಟ್ಟಬೇಕು ಅನಿಸುವುದಿಲ್ಲ ಹೇಳಿ? ಅದರ ಮೇಲೆ ಮೊಬೈಲಿನ ಆಟ ಬೇರೆ. ಅದರಲ್ಲಿ ಕೋವಿ ಅಂದರೆ ಎತ್ತಬೇಕು, ಹೊಡೆಯಬೇಕು. ಮುರಿದು ಒಳಗೆ ನೋಡುವುದು ಅಂತ ಒಂದು ಕೆಲಸ ಇದೆ ಅನ್ನೋದೇ ಆ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಮನೆಯಲ್ಲಿ ಒಂದು ಮಾತು ಕೊಟ್ಟೆ. ನೋಡಬೇಕು ಅನಿಸಿದರೆ ಕೇಳಿ, ಅಜ್ಜನೋ ಅಪ್ಪನೋ ತೆಗೆದು ತೋರಿಸುತ್ತಾರೆ. ಬೇಡ ಅನ್ನುವುದಿಲ್ಲ. ಕದ್ದು ನೋಡುವ ಕೆಲಸವೇ ಬೇಡ. ಮಗಳಿಗೆ ಹದಿಮೂರು, ಮಗನಿಗೆ ಹತ್ತು. ಮೊದಲ ತಿಂಗಳು ಮಗ ದಿನಾ ಕೇಳಿದ. ದಿನಾ ಆಗಲಿಲ್ಲ, ಭಾನುವಾರ ಅಂತ ಇಟ್ಟುಕೊಂಡೆವು. ಮಾವ ಜಗಲಿಯಲ್ಲಿ ಕೂತು ತೆಗೆಯುತ್ತಾರೆ. ತೋಟೆ ಆ ಜಾಗಕ್ಕೆ ಬರುವುದೇ ಇಲ್ಲ. ನಾಲ್ಕೈದು ವಾರದಲ್ಲಿ ಮಗನಿಗೆ ಸಾಕಾಯಿತು, ಕೋವಿ ಒರೆಸೋದು ಬಿಟ್ಟು ಸೈಕಲ್ ತಗೊಂಡು ಹೋದ. ನನಗೆ ಬೇಕಾದದ್ದು ಅದೇ ಆಗಿತ್ತು. ಮಗಳು ಮಾತ್ರ ಕೂತಳು.

ಮೊದಲ ಪಾಠ ನಳಿಗೆ ಎಲ್ಲಿ ನೋಡುತ್ತಿದೆ ಅನ್ನೋದು. ಅವಳು ಗೋಡೆಗೆ ತಿರುಗಿಸಿದ್ದಳು. ಮಾವ ಕೇಳಿದರು, "ಗೋಡೆ ಆಚೆ ಎಂಥ ಉಂಟು?" ಅಡುಗೆ ಮನೆ. ಅಲ್ಲಿ ಅತ್ತೆ ಕೂತು ತರಕಾರಿ ಹೆಚ್ಚುತ್ತಿದ್ದರು. ಮಗಳು ಕೋವಿ ತಿರುಗಿಸಿದಳು. ಅಲ್ಲಿ ನಾಯಿ. ಮತ್ತೆ ತಿರುಗಿಸಿದಳು. ಕೊನೆಗೆ ಅಂಗಳದ ಆಚೆ ಬರೆಯ ಕಡೆ ಹಿಡಿದಳು. ಬರೀ ಮಣ್ಣು. "ಈಗ ಸರಿ" ಅಂದರು ಮಾವ. ನನಗೆ ನನ್ನಜ್ಜ ನೆನಪಾದರು. ಮನೆಯಲ್ಲಿ ಕೋವಿ ತಿರುಗಿಸಲು ಎಷ್ಟು ಕಡಿಮೆ ಜಾಗ ಇದೆ ಅಂತ ನಾನು ಅವತ್ತೇ ಗಮನಿಸಿದ್ದು.

ಆಮೇಲೆ ಬೆರಳು. ಟ್ರಿಗರಿನ ಬಳೆಯೊಳಗೆ ಬೆರಳು ಹೋಗುವ ಹಾಗಿಲ್ಲ, ಹೊರಗೆ ಮರದ ಮೇಲೆ ಉದ್ದಕ್ಕೆ ಇರಬೇಕು. ಸೇಫ್ಟಿ ಹಾಕಿದೆ ಅನ್ನೋದು ಲೆಕ್ಕಕ್ಕಿಲ್ಲ, ಅದೂ ಒಂದು ಸಣ್ಣ ಕೀಲು, ಸವೆಯುತ್ತದೆ. ಯಾರ ಕೈಯಿಂದ ತೆಗೆದುಕೊಂಡರೂ ಮೊದಲು ಮುರಿದು ಎರಡೂ ನಳಿಗೆ ನೋಡಬೇಕು, ಈಗಷ್ಟೇ ಅವರು ನೋಡಿದ್ದನ್ನು ಕಂಡಿದ್ದರೂ ತಾನು ನೋಡಬೇಕು. ಇನ್ನೊಬ್ಬರಿಗೆ ಕೊಡುವಾಗ ಮುರಿದೇ ಕೊಡಬೇಕು. ಒಂದು ಭಾನುವಾರ ಮಾವ ಮುರಿದ ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡು ಅಂದರು. ಬಲದ ನಳಿಗೆಯಲ್ಲಿ ದುಂಡಗೆ ಬೆಳಕು ಕಂಡಿತು. ಎಡದ್ದರಲ್ಲಿ ಮುಕ್ಕಾಲು ಭಾಗ ಕತ್ತಲೆ. ಕಡ್ಡಿ ಹಾಕಿ ತಳ್ಳಿದರೆ ಒಣ ಮಣ್ಣು ಉದುರಿತು, ಕಣಜ ಒಳಗೆ ಗೂಡು ಕಟ್ಟಿತ್ತು. ಹದಿನೈದು ದಿನ ಯಾರೂ ಮುಟ್ಟಿರಲಿಲ್ಲ. ಹಾಗೇ ತೋಟೆ ಹಾಕಿ ಹೊಡೆದಿದ್ದರೆ ನಳಿಗೆಯೇ ಸಿಡಿಯಬಹುದಿತ್ತು, ಹಿಡಿದವರ ಕೈ ಹೋಗಬಹುದಿತ್ತು. ಮಗಳು ಆ ಮಣ್ಣನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದು ನನಗೆ ತೋರಿಸಿದಳು. ಚಿಟಿಕೆಯಷ್ಟು. "ಇಷ್ಟಕ್ಕೇನಾ ಅಮ್ಮ?" ಅಂದಳು. ಪೂಜೆಗೆ ಸಿಕ್ಕಿಸುವ ಹೂವೂ ಅಷ್ಟೇ, ತೆಗೆಯಲು ಮರೆತರೆ.

ಮಗನಿಗೆ ಬೇರೆ ಪಾಠ. ಅವನು ಗೆಳೆಯರ ಮನೆಗೆ ಹೋಗುವವನು, ನಮ್ಮೂರಲ್ಲಿ ಯಾವ ಮನೆಗೆ ಹೋದರೂ ಕೋವಿ ಇರುತ್ತದೆ. ಅಮೆರಿಕದಲ್ಲಿ 1988ರಿಂದ ಚಿಕ್ಕ ಮಕ್ಕಳಿಗೆ ನಾಲ್ಕು ಮಾತು ಹೇಳಿಕೊಡುತ್ತಾರಂತೆ. ನಿಲ್ಲು, ಮುಟ್ಟಬೇಡ, ಅಲ್ಲಿಂದ ಓಡು, ದೊಡ್ಡವರಿಗೆ ಹೇಳು. ಮಾತು ಒಳ್ಳೆಯದೇ, ನಾನೂ ಹೇಳಿಕೊಟ್ಟೆ. ಅವನು ಯೋಚನೆ ಮಾಡಿ ಕೇಳಿದ, "ಹೇಳಿದರೆ ಚಾಡಿ ಆಗಲ್ವಾ ಅಮ್ಮ? ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟರೆ?" ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಗೆಳೆಯ ಮಾತು ಬಿಡೋದು ಸಣ್ಣ ವಿಷಯ ಅಲ್ಲ. ರಾತ್ರಿ ಮಲಗುವಾಗ ಹೇಳಿದೆ, ನೀನು ಏನೂ ಹೇಳಬೇಡ, ಹೊಟ್ಟೆನೋವು ಅಂತ ನನಗೆ ಫೋನ್ ಮಾಡಿಸು, ನಾನು ಯಾಕೆ ಅಂತ ಕೇಳದೆ ಬಂದು ಕರೆದುಕೊಂಡು ಹೋಗುತ್ತೇನೆ, ಉಳಿದದ್ದು ಆ ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ. ಸುಳ್ಳು ಹೇಳಿಕೊಟ್ಟ ಹಾಗಾಯಿತು ಅಂತ ಅತ್ತೆಗೆ ಇಷ್ಟವಾಗಲಿಲ್ಲ. ನನಗೆ ಇದು ಸರಿ ಅನಿಸಿದೆ, ಈಗಲೂ.

ಬೀಗದ ಮಾತು

ಇಷ್ಟೆಲ್ಲ ಕಲಿಸಿದ ಮೇಲೆ ಬೀಗ ಯಾಕೆ ಅಂತ ಮಾವ ಕೇಳಿದರು. ಕಲಿತ ಮಕ್ಕಳ ಮೇಲೆ ನಂಬಿಕೆ ಇಲ್ಲವಾ? ದೇವರ ದೀಪದ ಹತ್ತಿರ ಇದ್ದ ಕೋವಿಯನ್ನು ಕಳ್ಳಮಾಲಿನ ಹಾಗೆ ಕಬ್ಬಿಣದ ಬೀರುವಿನಲ್ಲಿ ಇಡೋದಾ? ರಾತ್ರಿ ಆನೆ ಬಂದರೆ ಕೀ ಹುಡುಕ್ತಾ ಕೂರೋದಾ? ಅವರಿಗೆ ನಿಜವಾಗಿ ನೋವಾಗಿತ್ತು, ನನಗದು ಕಾಣುತ್ತಿತ್ತು. ಆನೆಯ ಮಾತಿಗೆ ಇವರೇ ಉತ್ತರ ಹೇಳಿದರು, ತೋಟಕ್ಕೆ ಆನೆ ಬಂದಾಗ ಈಗ ನಾವು ಹುಡುಕುವುದು ಪಟಾಕಿ, ಕೋವಿ ಅಲ್ಲವಲ್ಲ ಅಪ್ಪ ಅಂತ. ಉಳಿದದ್ದಕ್ಕೆ ನಾನು ಹೇಳಬೇಕಿತ್ತು.

ಮಗು ಎಷ್ಟೇ ಕಲಿತರೂ ಮಗುವೇ. ನೂರು ದಿನ ಸರಿ ಇದ್ದು ಒಂದು ದಿನ ಗೆಳೆಯರ ಮುಂದೆ ತೋರಿಸಿಕೊಳ್ಳಬೇಕು ಅನಿಸಬಹುದು. ಆ ಒಂದು ದಿನದ ಭಾರವನ್ನು ಮಗುವಿನ ಮೇಲೆ ಹಾಕುವುದು ನ್ಯಾಯ ಅಲ್ಲ. ಪಾಠ ಮಕ್ಕಳದ್ದು, ಬೀಗ ನಮ್ಮದು. 2005ರಲ್ಲಿ ಅಮೆರಿಕದ್ದೇ ಇನ್ನೊಂದು ಅಧ್ಯಯನ ಬಂತು. ಕೋವಿಗೆ ಬೀಗ, ಕೋವಿ ಖಾಲಿ, ತೋಟೆ ಬೇರೆ ಜಾಗದಲ್ಲಿ, ತೋಟೆಗೂ ಬೀಗ. ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಮಕ್ಕಳಿಗೆ ಆಗುವ ಅನಾಹುತ ಕಡಿಮೆ ಇರುವುದಕ್ಕೂ ಸಂಬಂಧ ಕಂಡಿದ್ದಾರೆ. ಆ ಲೆಕ್ಕದಲ್ಲಿ ಇದ್ದದ್ದು ಕೈತಪ್ಪಿ ಹಾರುವ ಗುಂಡು ಮಾತ್ರ ಅಲ್ಲ. ಮಕ್ಕಳು ತಮಗೆ ತಾವೇ ಮಾಡಿಕೊಳ್ಳುವುದೂ ಇತ್ತು.

ಇದನ್ನು ಮಾವನಿಗೆ ಹೇಳುವುದು ನನಗೆ ಕಷ್ಟವಾಯಿತು. ನಮ್ಮಲ್ಲಿ ಈ ಮಾತು ಬಾಯಿಬಿಟ್ಟು ಆಡುವುದಿಲ್ಲ. ಆದರೂ ಹೇಳಿದೆ. ಇನ್ನು ನಾಲ್ಕು ವರ್ಷಕ್ಕೆ ಇವಳಿಗೆ ಪಿಯುಸಿ. ರಿಸಲ್ಟ್ ಬರುತ್ತದೆ, ಜಗಳ ಆಗುತ್ತದೆ, ನಮಗೆ ಗೊತ್ತಿಲ್ಲದ ಏನೋ ಒಂದು ಮನಸ್ಸಿಗೆ ನಾಟುತ್ತದೆ. ಕೋವಿ ಹಿಡಿಯುವ ಕ್ರಮ ಚೆನ್ನಾಗಿ ಕಲಿತ ಮಗುವಿಗೂ ಅಂಥ ರಾತ್ರಿ ಬರಬಹುದು. ಬೆಳಗಾದರೆ ಮಾತಾಡಬಹುದು, ಅತ್ತು ಹಗುರಾಗಬಹುದು, ಡಾಕ್ಟರ ಹತ್ತಿರ ಹೋಗಬಹುದು. ಆ ರಾತ್ರಿ ದಾಟಬೇಕು ಅಷ್ಟೇ. ಬೀಗ ಇದ್ದರೆ ದಾಟುತ್ತದೆ. ಮಾವ ತುಂಬಾ ಹೊತ್ತು ಸುಮ್ಮನಿದ್ದರು. ಅವರ ಚಿಕ್ಕ ವಯಸ್ಸಿನ ಯಾವುದೋ ನೆನಪು ಇರಬೇಕು, ನಾನು ಕೇಳಲಿಲ್ಲ. ಮರುದಿನ ಅವರೇ ಮಡಿಕೇರಿಗೆ ಹೋಗಿ ಎರಡು ಬೀಗ ತಂದರು. ಕೋವಿ ಬೀರುವಿನಲ್ಲಿ, ತೋಟೆಯ ಡಬ್ಬಿ ಬೇರೆ ಕೋಣೆಯ ಪೆಟ್ಟಿಗೆಯಲ್ಲಿ. ಒಂದು ಕೀ ಮಾವನ ಸೊಂಟದಲ್ಲಿ, ಇನ್ನೊಂದು ಇವರ ಹತ್ತಿರ. ಬಾಗಿಲ ಮೇಲೆ, ಕ್ಯಾಲೆಂಡರ್ ಹಿಂದೆ, ಸಕ್ಕರೆ ಡಬ್ಬಿಯಲ್ಲಿ ಕೀ ಇಡುವುದಿಲ್ಲ. ಆ ಜಾಗಗಳೆಲ್ಲ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಪೂಜೆಯ ದಿನ ಕೋವಿ ದೀಪದ ಹತ್ತಿರ ಬರುತ್ತದೆ, ಮುರಿದ ಹಾಗೇ ಇರುತ್ತದೆ, ಒಬ್ಬ ದೊಡ್ಡವರು ಅಲ್ಲೇ ಕೂತಿರುತ್ತಾರೆ, ಊಟಕ್ಕೆ ಏಳುವ ಮೊದಲು ಕೋವಿ ಒಳಗೆ ಹೋಗುತ್ತದೆ.

ಹುತ್ತರಿ ರಾತ್ರಿ

ಆ ವರ್ಷದ ಹುತ್ತರಿಗೆ, ಅಂದರೆ ಹೊಸ ಭತ್ತದ ಕದಿರು ತೆಗೆಯುವ ಹಬ್ಬಕ್ಕೆ, ಇವರ ದೊಡ್ಡಪ್ಪನ ಮಗ, ಮಕ್ಕಳಿಗೆ ದೊಡ್ಡಪ್ಪ, ಬಂದಿದ್ದರು. ಮನೆತನದಲ್ಲಿ ಹಿರಿಯರು. ಹುಣ್ಣಿಮೆ ಬೆಳಕು, ಚಳಿ, ಎಲ್ಲರೂ ದೀಪ ಹಿಡಿದು ಗದ್ದೆಗೆ ಇಳಿದೆವು. ಕದಿರು ತೆಗೆಯುವ ಹೊತ್ತಿಗೆ ಅವರೇ ಈಡು ಹೊಡೆದರು. ಆಚೆ ಬೆಟ್ಟದಿಂದ, ಈಚೆ ಊರಿಂದ ಒಂದೊಂದೇ ಈಡು ಕೇಳಿಸತೊಡಗಿತು. ಮಗ ಕಿವಿ ಮುಚ್ಚಿಕೊಂಡು ನಗುತ್ತಿದ್ದ. ಪೊಲಿ ಪೊಲಿ ಅನ್ನುತ್ತಾ ಕದಿರು ಹೊತ್ತು ಮನೆಗೆ ಬಂದೆವು.

ಅಂಗಳದಲ್ಲಿ ದೊಡ್ಡಪ್ಪ ಕೈಕಾಲು ತೊಳೆಯಬೇಕಿತ್ತು. ಕೋವಿಯನ್ನು ಮಗಳ ಕಡೆ ಚಾಚಿದರು. "ಒಳಗಿಡು ಮಗಳೇ. ತೋಟೆ ಇಲ್ಲ ಬಿಡು."

ಅವಳು ಕೈ ಚಾಚಲಿಲ್ಲ. ಹಿರಿಯರು ಕೊಟ್ಟದ್ದನ್ನು ತೆಗೆದುಕೊಳ್ಳದೆ ನಿಲ್ಲುವುದು ನಮ್ಮಲ್ಲಿ ಇಲ್ಲ. ಅತ್ತೆ ನನ್ನ ಮುಖ ನೋಡಿದರು. ನನಗೂ ಒಂದು ಕ್ಷಣ ಅವಳ ಪರವಾಗಿ ನಾನೇ ಹೋಗಿ ತೆಗೆದುಕೊಂಡುಬಿಡೋಣ ಅನಿಸಿತು.

"ಒಮ್ಮೆ ಮುರಿದು ತೋರಿಸ್ತೀರಾ ದೊಡ್ಡಪ್ಪ?" ಅಂದಳು.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮಾವನ ಕಡೆ ನೋಡಿದರು. ಮಾವ ಏನೂ ಹೇಳಲಿಲ್ಲ, ಅವರೂ ಕಾಯುತ್ತಿದ್ದರು. ದೊಡ್ಡಪ್ಪ ಬರೆಯ ಕಡೆ ತಿರುಗಿ ಕೋವಿ ಮುರಿದರು. ಹೊಡೆದ ತೋಟೆಯ ಖಾಲಿ ಸಿಪ್ಪೆ ಹೊರಬಂದು ಕಲ್ಲಿನ ಮೇಲೆ ಬಿತ್ತು, ಸಣ್ಣಗೆ ಮದ್ದಿನ ವಾಸನೆ ಎದ್ದಿತು. ಇನ್ನೊಂದು ನಳಿಗೆ ಖಾಲಿ. ಅವರು ಬಗ್ಗಿ ನೋಡಿದರು, ಅವಳೂ ಬಗ್ಗಿ ನೋಡಿದಳು, ಇಬ್ಬರ ತಲೆಯೂ ತಾಗುವ ಹಾಗೆ. ಆಮೇಲೆ ಮುರಿದ ಕೋವಿಯನ್ನು ಅವರು ಅವಳ ಮೊಣಕೈ ಮೇಲೆ ಇಟ್ಟರು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು. ಮಾವ ಸೊಂಟದಿಂದ ಕೀ ಬಿಚ್ಚುತ್ತಾ ಅವಳ ಹಿಂದೆ ಹೋದರು.